ವೈದ್ಯವಿಜ್ಞಾನಿ ಬರ್ನ್‌ಹಾರ್ಡ್ ಝೋಂಡೆಕ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ತೆಂಗಿನ ಮರದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೂ ನಿತ್ಯವೂ ಕಣ್ಣಿಗೆ ಬೀಳುವ ವಸ್ತುವಿನಲ್ಲಿಯೇ ನಾವು ಗಮನಿಸದೆ ಬಿಡುವ ಸಂಗತಿಗಳು ಎಷ್ಟೋ ಇರುತ್ತವೆ. ತೆಂಗಿನ ಒಂದೊಂದು ಹೊಂಬಾಳೆಯಲ್ಲಿಯೂ ಗಂಡು ಹೂಗಳೂ ಹೆಣ್ಣು ಹೂಗಳೂ ಒಟ್ಟಿಗೆ ಇವೆ. ಎಳೆಗಳ ಬುಡದಲ್ಲಿ ಗುಂಡಾಗಿ ಕುಳಿತಿರುವುವು ಹೆಣ್ಣು ಹೂಗಳು. ಅಲ್ಲಿಂದ ತುದಿಯವರೆಗೆ ಒತ್ತಾಗಿ ಜೋಡಿಸಿದಂತಿರುವ ಸಣ್ಣ ಹೂಗಳು ಗಂಡು. ಹೆಣ್ಣು ಹೂವೇ ಮುಂದೆ ಹರಳಾಗಿ, ಎಳನೀರಾಗಿ, ಕಾಯಾಗುತ್ತದೆ. ಒಂದೇ ಮರ, ಒಂದೇ ಹೊಂಬಾಳೆ, ಗಂಡು ಹೆಣ್ಣು ಎರಡೂ ಅಲ್ಲಿಯೇ. ಸಸ್ಯಗಳ ವಿಷಯದಲ್ಲಿ ಇದನ್ನು ಕೇಳಿ ಯಾರೂ ಬೆರಗಾಗುವುದಿಲ್ಲ. ಆದರೆ ಪ್ರಾಣಿಗಳ ವಿಷಯಕ್ಕೆ, ಅದರಲ್ಲಿಯೂ ಮನುಷ್ಯನ ವಿಷಯಕ್ಕೆ ಬಂದರೆ, ಗಂಡೆಂದರೆ ಗಂಡೇ, ಹೆಣ್ಣೆಂದರೆ ಹೆಣ್ಣೇ, ಒಂದರ ಸತ್ವ ಇನ್ನೊಂದರಲ್ಲಿ ಇರಲಾರದು ಎಂದು ಬಹುಕಾಲದವರೆಗೆ ಪಂಡಿತರೂ ಪಾಮರರೂ ನಂಬಿದ್ದರು. ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಡಾಕ್ಟರ್ ಬರ್ನ್‌ಹಾರ್ಡ್ ಝೋಂಡೆಕ್‌ರವರು ಪ್ರಮುಖರು. ಗಂಡಿನ ದೇಹವು ತನ್ನ ಗಂಡು ಹಾರ್ಮೋನಿನಿಂದಲೇ ಹೆಣ್ಣಿನ ಹಾರ್ಮೋನನ್ನು ತಯಾರಿಸಿಕೊಳ್ಳುತ್ತದೆ ಎಂಬುದನ್ನು ಅವರು ಊಹಿಸಿದ ಬಗೆಯೂ, ಆ ಕಾಲದಲ್ಲಿ ಅವರ ಬಾಳಿಗೆ ಒದಗಿದ ಕಷ್ಟವೂ ವಿದ್ಯಾರ್ಥಿಗಳಾದ ನಾವೆಲ್ಲರೂ ತಿಳಿಯತಕ್ಕವು.

ವಿಷಯವನ್ನು ಪ್ರವೇಶಿಸುವ ಮೊದಲು ಒಂದೆರಡು ಮಾತುಗಳನ್ನು ಹೇಳಬೇಕು. ನಮ್ಮ ಸೀಮೆ ತೆಂಗಿಗೆ ಹೇಗೋ ಹಾಗೆಯೇ ಹಳ್ಳಿಕಾರ್ ಮತ್ತು ಅಮೃತಮಹಲ್ ರಾಸುಗಳಿಗೂ ಹೆಸರಾದದ್ದು. ಹೋರಿಗರುವಿನ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ; ಅದರ ಹಿಣಿಲು ಹೋರಿಯ ಹಿಣಿಲಿನಷ್ಟು ಬೆಳೆಯುವುದಿಲ್ಲ, ಅದರ ಸ್ವಭಾವ ಸೌಮ್ಯವಾಗುತ್ತದೆ, ನೊಗಕ್ಕೆ ಬಗ್ಗುತ್ತದೆ ಎಂಬುದನ್ನು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿಬರುವ ರೈತರೆಲ್ಲರೂ ಬಲ್ಲರು. ಅಂದಮೇಲೆ ವೃಷಣವು ಯಾವುದೋ ಒಂದು ಪದಾರ್ಥವನ್ನು ರಕ್ತಕ್ಕೆ ಸೇರಿಸುತ್ತಿರಬೇಕು; ಆ ಪದಾರ್ಥವು ಮೈಯೆಲ್ಲಾ ಸಂಚರಿಸಿ ಗಂಡಿನ ಲಕ್ಷಣಗಳನ್ನು ಉಂಟುಮಾಡುತ್ತಿರಬೇಕು. ೧೮೪೯ರಲ್ಲಿ ಜರ್ಮನಿಯ ಬರ್ಟ್‌ಹೋಲ್ಡ್ ಎಂಬ ವಿದ್ವಾಂಸರು ಹುಂಜಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ವೃಷಣ ತೆಗೆದ ಹುಂಜದ ಜುಟ್ಟು ಬಾಡಿತು; ವೃಷಣವನ್ನು ಹೊಟ್ಟೆಯೊಳಗೆ ಮತ್ತೆ ನೆಟ್ಟಾಗ ಜುಟ್ಟು ಕೆಂಪೇರಿ ನಿಂತಿತು. ಇಂತಹ ಪದಾರ್ಥಗಳಿಗೆ ಹಾರ್ಮೋನು ಎಂಬ ಹೆಸರು ಬಂದದ್ದು ೧೯೦೫ರಲ್ಲಿ. ವೃಷಣದಿಂದ ಗಂಡಿನ ಹಾರ್ಮೋನು, ಅಂಡಾಶಯದಿಂದ ಹೆಣ್ಣಿನ ಹಾರ್ಮೋನು, ಇವೆರಡೂ ಪರಸ್ಪರ ಶತ್ರುಗಳು ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕ ವಿಜ್ಞಾನಿಗಳ ಅಭಿಪ್ರಾಯವಾಗಿದ್ದಿತು.

ಝೋಂಡೆಕ್‌ರವರು ೧೮೯೧ನೆಯ ಇಸವಿ ಜುಲೈ ೨೯ರಂದು ಅಂದಿನ ಪ್ರಷ್ಯದ ಪೋಸೆನ್ ಪ್ರಾಂತ್ಯಕ್ಕೆ ಸೇರಿದ ವ್ರೋಂಕೆ ಎಂಬ ಸಣ್ಣ ಊರಿನಲ್ಲಿ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದರು. ಈ ಊರು ಈಗ ಪೋಲೆಂಡ್ ದೇಶದಲ್ಲಿದೆ. ಅಣ್ಣ ಹೆರ್ಮನ್, ತಮ್ಮ ಸಾಮ್ಯುಯೆಲ್, ನಡುವಣವರಾದ ಬರ್ನ್‌ಹಾರ್ಡ್, ಹೀಗೆ ಮೂವರು ಸೋದರರೂ ವೈದ್ಯರಾದುದು ಆ ಮನೆಯ ವಿಶೇಷ. ಹೆರ್ಮನ್‌ರವರು ನಿರ್ನಾಳ ಗ್ರಂಥಿಗಳ ರೋಗಗಳಲ್ಲಿ ಯೂರೋಪಿನಲ್ಲೆಲ್ಲಾ ಹೆಸರಾದವರು. ಬರ್ನ್‌ಹಾರ್ಡ್‌ರವರು ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ೧೯೧೯ರಲ್ಲಿ ಪದವಿಯನ್ನು ಪಡೆದು, ಅಲ್ಲಿನ ಸುಪ್ರಸಿದ್ಧವಾದ ಶಾರಿಟೇ ಆಸ್ಪತ್ರೆಯಲ್ಲಿ ಕಾರ್ಲ್ ಫ್ರಾಂಟ್ಸ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಪ್ರಸೂತಿ ಮತ್ತು ಸ್ತ್ರೀರೋಗ ಚಿಕಿತ್ಸೆಯಲ್ಲಿ ಪಳಗಿದರು. ಮೊದಲನೆಯ ಮಹಾಯುದ್ಧದಲ್ಲಿ ಸೋತು ಬಸವಳಿದಿದ್ದ ಜರ್ಮನಿಯಲ್ಲಿ ಬಡತನ ತಾಂಡವವಾಡುತ್ತಿದ್ದರೂ ವಿದ್ಯೆಯ ದೀಪ ಆರಿರಲಿಲ್ಲ. ಹೆರಿಗೆಯ ಕೋಣೆಯಲ್ಲಿ ದುಡಿಯುತ್ತಿದ್ದ ಈ ತರುಣ ವೈದ್ಯರು, ಬಿಡುವಿನ ವೇಳೆಯನ್ನು ಇಲಿಗಳ ಪಂಜರಗಳ ನಡುವೆ ಕಳೆಯತೊಡಗಿದರು.

ಅವರ ಮನಸ್ಸನ್ನು ಕಾಡಿದ ಪ್ರಶ್ನೆ ಇದು. ಹುಡುಗಿಯು ಒಂದು ವಯಸ್ಸಿನಲ್ಲಿ ಋತುಮತಿಯಾಗುತ್ತಾಳೆ. ಅಂಡಾಶಯವು ಹುಟ್ಟಿದಂದಿನಿಂದಲೂ ಮೈಯಲ್ಲಿಯೇ ಇದ್ದರೂ ಅಷ್ಟು ವರ್ಷ ನಿದ್ರಿಸುತ್ತಿರುತ್ತದೆ. ಅದನ್ನು ಎಬ್ಬಿಸುವವರು ಯಾರು? ಮಿದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯೂಟರಿ ಎಂಬ ಗ್ರಂಥಿಯೊಂದುಂಟು. ಅದರ ಮುಂಭಾಗದ ಚೂರನ್ನು ಝೋಂಡೆಕ್‌ರವರು ಇನ್ನೂ ಬೆಳೆಯದ ಇಲಿಮರಿಗಳ ಮೈಯಲ್ಲಿ ನೆಟ್ಟರು. ಮರಿಗಳ ಅಂಡಾಶಯಗಳು ಅಕಾಲದಲ್ಲಿ ಪಕ್ವವಾದುವು. ಅದೇ ಸಮಯದಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಎಂಬುವರೂ ಇಂತಹುದೇ ಫಲವನ್ನು ಕಂಡಿದ್ದರು. ಗ್ರಂಥಿಗಳಿಗೂ ಒಬ್ಬ ಯಜಮಾನನಿದ್ದಾನೆ, ಆತನು ಪಿಟ್ಯೂಟರಿಯಲ್ಲಿ ಕುಳಿತು ಅಂಡಾಶಯವನ್ನು ಆಳುತ್ತಾನೆ ಎಂಬ ಮಹತ್ವದ ಸಂಗತಿ ಹೀಗೆ ಬೆಳಕಿಗೆ ಬಂದಿತು. ಆ ಯಜಮಾನನ ಅಪ್ಪಣೆಗಳು ಒಂದಲ್ಲ ಎರಡು ಎಂದು ಸಾಧಿಸಿ, ಝೋಂಡೆಕ್‌ರವರು ಅವಕ್ಕೆ ಪ್ರೊಲಾನ್ ಎ ಮತ್ತು ಪ್ರೊಲಾನ್ ಬಿ ಎಂದು ಹೆಸರಿಟ್ಟರು. ಹೆಸರುಗಳು ಈಗ ಬದಲಾಗಿವೆ. ಆದರೆ ಎರಡು ಹಾರ್ಮೋನುಗಳೂ ನಿಜವೇ. ಗಂಡಸಿನಲ್ಲಿ ಇವೆರಡೇ ವೃಷಣವನ್ನು ಪ್ರೇರಿಸಿ, ವೀರ್ಯಾಣುಗಳನ್ನೂ ಗಂಡು ಹಾರ್ಮೋನನ್ನೂ ಉತ್ಪಾದಿಸುವಂತೆ ಮಾಡುತ್ತವೆ.

ಶಾರಿಟೇಯಲ್ಲಿ ಅವರಿಗೆ ಸೆಲ್ಮಾರ್ ಆಶ್‌ಹೈಮ್ ಎಂಬ ಹಿರಿಯ ಸಹೋದ್ಯೋಗಿಯ ಸ್ನೇಹ ದೊರೆಯಿತು. ೧೯೨೭ರಲ್ಲಿ ಇಬ್ಬರೂ ಕೂಡಿ ಒಂದು ವಿಚಿತ್ರವನ್ನು ಕಂಡರು. ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರೆ, ಕೆಲವೇ ದಿವಸಗಳಲ್ಲಿ ಅವುಗಳ ಅಂಡಾಶಯದಲ್ಲಿ ರಕ್ತದ ಚುಕ್ಕೆಗಳು ಮೂಡಿ, ಅವು ಬೆಳೆದ ಇಲಿಗಳ ಅಂಡಾಶಯದಂತೆ ಆಗುತ್ತಿದ್ದುವು. ಗರ್ಭಿಣಿಯಲ್ಲದವಳ ಮೂತ್ರಕ್ಕೆ ಈ ಗುಣವಿರಲಿಲ್ಲ. ಜಗತ್ತಿನಲ್ಲಿ ನಂಬಿಕೆಗೆ ಅರ್ಹವಾದ ಮೊದಲ ಗರ್ಭಪರೀಕ್ಷೆ ಇದೇ. ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಎ-ಝಡ್ ಪರೀಕ್ಷೆ ಎಂದು ಕರೆದರು. ಒಂದೊಂದು ಪರೀಕ್ಷೆಗೂ ಐದು ಇಲಿಗಳು ಪ್ರಾಣವನ್ನು ತೆರಬೇಕಾಗಿದ್ದಿತು. ಇಂದು ಔಷಧದಂಗಡಿಯಲ್ಲಿ ದೊರೆಯುವ ಸಣ್ಣ ಪಟ್ಟಿಯ ಮೇಲೆ ನಾಲ್ಕು ಹನಿ ಮೂತ್ರ ಹಾಕಿ ಗೆರೆಗಳನ್ನು ಎಣಿಸುವವರು ಅದೇ ಹಾರ್ಮೋನನ್ನೇ ಹುಡುಕುತ್ತಿರುತ್ತಾರೆ. ಈ ಹಾರ್ಮೋನು ಪಿಟ್ಯೂಟರಿಯಿಂದ ಬರುತ್ತದೆಂದು ಝೋಂಡೆಕ್‌ರವರು ಭಾವಿಸಿದ್ದರು. ಅದು ಮಾಸು, ಅಂದರೆ ಮಗುವನ್ನು ಪೋಷಿಸುವ ಜರಾಯುವಿನಿಂದ ಬರುತ್ತದೆಂಬುದು ಆಮೇಲೆ ಸ್ಥಿರಪಟ್ಟಿತು. ಇಷ್ಟಾದರೂ ಪರೀಕ್ಷೆ ಮಾತ್ರ ಸುಳ್ಳಾಗಲಿಲ್ಲ.

೧೯೨೬ರಲ್ಲಿ ಪ್ರಾಧ್ಯಾಪಕ ಪದವಿಯೂ, ೧೯೨೯ರಲ್ಲಿ ಬರ್ಲಿನ್ನಿನ ಸ್ಪಾಂಡೌ ಭಾಗದ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗದ ಮುಖ್ಯಸ್ಥರ ಹುದ್ದೆಯೂ ಅವರಿಗೆ ಲಭಿಸಿದುವು. ನಾಲ್ವತ್ತು ತುಂಬುವ ಮೊದಲೇ ಅವರ ಕೀರ್ತಿ ಖಂಡಖಂಡಗಳಲ್ಲಿ ಹಬ್ಬಿದ್ದಿತು. ಮೂತ್ರವೆಂದರೆ ಮೂಗು ಮುಚ್ಚಿಕೊಳ್ಳುವ ಜನರ ನಡುವೆ ಅವರು ಅದನ್ನು ಹಾರ್ಮೋನುಗಳ ಖಜಾನೆಯೆಂದು ಭಾವಿಸಿ ಶೋಧಿಸಿದರು. ೧೯೩೦ರಲ್ಲಿ ಗಬ್ಬದ ಹೆಣ್ಣು ಕುದುರೆಯ ಮೂತ್ರದಲ್ಲಿ ಹೆಣ್ಣಿನ ಹಾರ್ಮೋನು, ಅಂದರೆ ಈಸ್ಟ್ರೊಜೆನ್, ಬಹಳವಾಗಿ ಇರುವುದನ್ನು ಅವರು ತೋರಿಸಿಕೊಟ್ಟರು. ಗರ್ಭ ಧರಿಸಿದ ಪ್ರಾಣಿಯಲ್ಲಿ ಅದು ಇರುವುದು ಸಹಜವೆಂದು ಎಲ್ಲರೂ ಒಪ್ಪಿದರು.

ಅಷ್ಟರಲ್ಲಿ ಜರ್ಮನಿಯ ಆಕಾಶದಲ್ಲಿ ಕಾರ್ಮುಗಿಲು ಕವಿಯಿತು. ೧೯೩೩ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ ಏಪ್ರಿಲಿನಲ್ಲಿ ಹೊರಟ ಕಾನೂನೊಂದರಿಂದ ಯೆಹೂದ್ಯರನ್ನು ಸರ್ಕಾರಿ ಕೆಲಸಗಳಿಂದ ತೆಗೆದುಹಾಕತೊಡಗಿದರು. ಸಾವಿರಾರು ಜರ್ಮನ್ ತಾಯಂದಿರ ಹೆರಿಗೆ ಮಾಡಿಸಿದ ವಿಭಾಗದ ಮುಖ್ಯಸ್ಥರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿತು. ಅವರ ಅಣ್ಣನವರಿಗೂ ಅದೇ ಗತಿ ಒದಗಿತು. ಆಶ್‌ಹೈಮ್‌ರವರು ಫ್ರಾನ್ಸಿಗೆ ಹೋಗಿ ನೆಲಸಿದರು. ಝೋಂಡೆಕ್‌ರವರು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವನ್ನು ಸೇರಿಕೊಂಡರು. ನಲವತ್ತೆರಡನೆಯ ವಯಸ್ಸಿನಲ್ಲಿ, ಕಟ್ಟಿದ ಮನೆ, ಬೆಳೆಸಿದ ವಿಭಾಗ, ಆಡುವ ನುಡಿ, ಎಲ್ಲವನ್ನೂ ಬಿಟ್ಟು ಪರದೇಶದಲ್ಲಿ ಮೊದಲಿನಿಂದ ಪ್ರಾರಂಭಿಸುವುದು ಎಷ್ಟು ಕಠಿನವೆಂಬುದನ್ನು ಊಹಿಸಬಹುದು. ಮತ್ತೊಬ್ಬರಾಗಿದ್ದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದರು. ಅವರಾದರೋ ಆ ಅಸ್ಥಿರವಾದ ದಿನಗಳಲ್ಲಿಯೇ ತಮ್ಮ ಬಾಳಿನ ಅತ್ಯಂತ ಆಶ್ಚರ್ಯಕರವಾದ ಸಂಗತಿಯನ್ನು ಲೋಕಕ್ಕೆ ತಿಳಿಸಿದರು.

ಅದಕ್ಕೆ ಮುಂಚೆಯೇ ಅಲ್ಲೊಬ್ಬರು ಇಲ್ಲೊಬ್ಬರು ಗಂಡಿನಲ್ಲಿ ಹೆಣ್ಣಿನ ಹಾರ್ಮೋನಿನ ಸುಳಿವನ್ನು ಕಂಡಿದ್ದುಂಟು. ೧೯೨೭ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕ್ಯೂರ್ ಮತ್ತು ಸಂಗಡಿಗರು ಗಂಡಸರ ಮೂತ್ರದಲ್ಲಿ ಅದು ಅಲ್ಪಸ್ವಲ್ಪ ಇದೆಯೆಂದು ವರದಿ ಮಾಡಿದ್ದರು. ತಿಂದ ಆಹಾರದಿಂದ ಬಂದಿರಬಹುದು ಎಂದು ಕೆಲವರು ಸಮಾಧಾನ ಹೇಳಿಕೊಂಡರು. ಝೋಂಡೆಕ್‌ರವರು ಮಾಡಿದ್ದೇನೆಂದರೆ, ಗಬ್ಬದ ಕುದುರೆಯನ್ನು ಪರೀಕ್ಷಿಸಿದಷ್ಟೇ ಶ್ರದ್ಧೆಯಿಂದ ಬೀಜದ ಗಂಡು ಕುದುರೆಯ ಮೂತ್ರವನ್ನೂ ಪರೀಕ್ಷಿಸಿದುದು. ಆ ಕಾಲದಲ್ಲಿ ಈಸ್ಟ್ರೊಜೆನ್ನನ್ನು ಅಳೆಯಲು ಇಲಿಯೇ ತಕ್ಕಡಿ. ಅಂಡಾಶಯ ತೆಗೆದ ಹೆಣ್ಣಿಲಿಯಲ್ಲಿ ಬೆದೆಯ ಲಕ್ಷಣವನ್ನು ಮರುಕಳಿಸಲು ಬೇಕಾಗುವ ಅತ್ಯಲ್ಪ ಪ್ರಮಾಣಕ್ಕೆ ಒಂದು ಇಲಿಮಾನವೆಂದು ಹೆಸರು. ಈ ತಕ್ಕಡಿಯಲ್ಲಿ ತೂಗಿದಾಗ ಗಂಡು ಕುದುರೆಯ ಒಂದು ಲೀಟರ್ ಮೂತ್ರದಲ್ಲಿ ೧,೭೦,೦೦೦ ಇಲಿಮಾನಗಳಷ್ಟು ಹೆಣ್ಣಿನ ಹಾರ್ಮೋನು ಕಂಡುಬಂದಿತು! ಗಬ್ಬವಾಗದ ಹೆಣ್ಣು ಕುದುರೆಯಲ್ಲಿ ಇದಕ್ಕೆ ಹೋಲಿಸಿದರೆ ಅದು ಅತ್ಯಲ್ಪವಾಗಿದ್ದಿತು. ಗಂಡುತನಕ್ಕೆ ಉಪಮಾನವಾದ ಪ್ರಾಣಿಯೇ ಹೆಣ್ಣಿನ ಹಾರ್ಮೋನಿನ ಭಂಡಾರವಾಗಿದ್ದಿತು.

ಬೀಜ ಒಡೆದ ಕುದುರೆಯ ಮೂತ್ರದಲ್ಲಿ ಈ ಹಾರ್ಮೋನು ಅತ್ಯಲ್ಪ. ಆದಕಾರಣ ಇದು ಹುಲ್ಲು ಹುರುಳಿಯಿಂದ ಬಂದದ್ದಲ್ಲ, ವೃಷಣದಿಂದಲೇ ಬಂದದ್ದು ಎಂಬುದು ಖಚಿತವಾಯಿತು. ೧೯೩೪ರ ಆರಂಭದಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಈ ವಿಷಯವಾಗಿ ಅವರ ಚಿಕ್ಕ ಟಿಪ್ಪಣಿಗಳು ಪ್ರಕಟವಾದುವು. ಅವರು ಅಷ್ಟಕ್ಕೇ ನಿಲ್ಲದೆ, ಇದರ ಅರ್ಥವೇನೆಂಬುದನ್ನೂ ಸೂಚಿಸಿದರು. ಗಂಡಿನಲ್ಲಿ ಕಾಣುವ ಹೆಣ್ಣಿನ ಹಾರ್ಮೋನು ರೋಗವಲ್ಲ, ಆಕಸ್ಮಿಕವೂ ಅಲ್ಲ. ಗಂಡಿನ ಹಾರ್ಮೋನೇ ದೇಹದ ಸಹಜವಾದ ವ್ಯಾಪಾರದಲ್ಲಿ ಮಾರ್ಪಟ್ಟು ಹೆಣ್ಣಿನದಾಗುತ್ತದೆ ಎಂಬುದೇ ಅವರ ಊಹೆ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಟೆಸ್ಟೋಸ್ಟಿರೋನ್ ಎಂಬ ನಿಜವಾದ ಗಂಡು ಹಾರ್ಮೋನನ್ನು ಆಗ ಯಾರೂ ಶುದ್ಧರೂಪದಲ್ಲಿ ಕಂಡಿರಲಿಲ್ಲ. ಮರುವರ್ಷ, ೧೯೩೫ರಲ್ಲಿ, ಲಾಕ್ಯೂರ್‌ರವರ ಪ್ರಯೋಗಶಾಲೆಯಲ್ಲಿ ಸುಮಾರು ನೂರು ಕಿಲೋಗ್ರಾಂ ಹೋರಿಯ ವೃಷಣಗಳನ್ನು ಅರೆದು ಸೋಸಿ ಹತ್ತು ಮಿಲಿಗ್ರಾಂಗಳಷ್ಟು ಹರಳುಗಳನ್ನು ಪಡೆದರು. ಆಗಲೇ ಅದಕ್ಕೆ ಟೆಸ್ಟೋಸ್ಟಿರೋನ್ ಎಂಬ ಹೆಸರಾದದ್ದು. ವಸ್ತುವು ಕೈಗೆ ಸಿಕ್ಕುವ ಮೊದಲೇ ಅದು ಏನಾಗಿ ಮಾರ್ಪಡುತ್ತದೆಂದು ಝೋಂಡೆಕ್‌ರವರು ಹೇಳಿಬಿಟ್ಟಿದ್ದರು.

ಊಹೆ ಊಹೆಯಾಗಿಯೇ ಉಳಿಯಲಿಲ್ಲ. ೧೯೩೭ರಲ್ಲಿ ವಿಯೆನ್ನದ ಸ್ಟೈನಾಖ್ ಮತ್ತು ಕುನ್ ಎಂಬುವರು ಗಂಡಸರಿಗೆ ಟೆಸ್ಟೋಸ್ಟಿರೋನ್ ಚುಚ್ಚಿ ನೋಡಲಾಗಿ, ಅವರ ಮೂತ್ರದಲ್ಲಿ ಹೆಣ್ಣಿನ ಹಾರ್ಮೋನು ಏರಿದುದು ಕಂಡಿತು. ೧೯೫೦ರ ದಶಕದಲ್ಲಿ ವಿಕಿರಣಶೀಲ ಇಂಗಾಲದ ಗುರುತು ಹಾಕಿದ ಟೆಸ್ಟೋಸ್ಟಿರೋನನ್ನು ಅಂಡಾಶಯದ ಚೂರುಗಳೊಡನೆ ಇಟ್ಟಾಗ, ಅದೇ ಗುರುತು ಈಸ್ಟ್ರಡೈಯಾಲ್ ಎಂಬ ಹೆಣ್ಣು ಹಾರ್ಮೋನಿನಲ್ಲಿ ಪತ್ತೆಯಾಯಿತು. ೧೯೫೯ರಲ್ಲಿ ಕೆನೆತ್ ರಯಾನ್ ಎಂಬ ಅಮೆರಿಕದ ವೈದ್ಯರು ಮನುಷ್ಯರ ಮಾಸಿನಲ್ಲಿ ಈ ಕೆಲಸ ಮಾಡುವ ಕಿಣ್ವದ ಸ್ವರೂಪವನ್ನು ವಿವರಿಸಿದರು. ಅದನ್ನು ಈಗ ಅರೋಮಟೇಸ್ ಎಂದು ಕರೆಯುತ್ತಾರೆ.

ಈ ಕಿಣ್ವದ ಕೆಲಸವನ್ನು ನಮ್ಮ ಮನೆಯ ಅಟ್ಟವನ್ನು ನೆನೆದು ತಿಳಿದುಕೊಳ್ಳಬಹುದು. ಸಿಪ್ಪೆ ಸಹಿತವಾದ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಹೊರಗಿನಿಂದ ಏನೂ ಸೇರಲಿಲ್ಲ. ಕಳೆದದ್ದು ಸ್ವಲ್ಪ, ಆದರೆ ರುಚಿ, ಗುಣ, ಉಪಯೋಗ ಎಲ್ಲವೂ ಬೇರೆ. ಹಾಗೆಯೇ ಟೆಸ್ಟೋಸ್ಟಿರೋನಿನ ಒಂದು ಅಣುವಿನಲ್ಲಿ ೧೯ ಇಂಗಾಲದ ಪರಮಾಣುಗಳಿವೆ. ಅರೋಮಟೇಸ್ ಕಿಣ್ವವು ಆಮ್ಲಜನಕವನ್ನು ಬಳಸಿ, ಮೂರು ಹಂತಗಳಲ್ಲಿ ಒಂದು ಇಂಗಾಲವನ್ನು ಕಿತ್ತುಹಾಕಿ, ನಾಲ್ಕು ಉಂಗುರಗಳ ಪೈಕಿ ಮೊದಲನೆಯ ಉಂಗುರದ ಬಂಧಗಳನ್ನು ಬೇರೆ ರೀತಿಯಲ್ಲಿ ಕಟ್ಟುತ್ತದೆ. ಉಳಿಯುವುದು ೧೮ ಇಂಗಾಲಗಳ ಈಸ್ಟ್ರಡೈಯಾಲ್. ಹೋಲಿಕೆ ಇನ್ನೊಂದು ವಿಷಯದಲ್ಲಿಯೂ ಸಲ್ಲುತ್ತದೆ. ಕೊಬ್ಬರಿಯನ್ನು ಮತ್ತೆ ಕಾಯಿ ಮಾಡಲು ಬರುವುದಿಲ್ಲ. ಈಸ್ಟ್ರಡೈಯಾಲನ್ನು ದೇಹವು ಮತ್ತೆ ಟೆಸ್ಟೋಸ್ಟಿರೋನ್ ಮಾಡಲಾರದು.

ಗಂಡಸಿನಲ್ಲಿ ಈ ಅಟ್ಟ ಒಂದೇ ಕಡೆ ಇಲ್ಲ. ವೃಷಣದಲ್ಲಿಯೇ ಸ್ವಲ್ಪ ಭಾಗ ತಯಾರಾಗುತ್ತದೆ. ಹೆಚ್ಚಿನ ಭಾಗವು ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ, ಚರ್ಮದಲ್ಲಿ, ಮೂಳೆಯಲ್ಲಿ, ಮಿದುಳಿನಲ್ಲಿ ಆಗುತ್ತದೆ. ಆರೋಗ್ಯವಂತ ಗಂಡಸಿನ ದೇಹವು ದಿನಕ್ಕೆ ಸುಮಾರು ಆರೇಳು ಮಿಲಿಗ್ರಾಂ ಟೆಸ್ಟೋಸ್ಟಿರೋನನ್ನು ಉತ್ಪಾದಿಸುತ್ತದೆ. ರಕ್ತದಲ್ಲಿ ಸಂಚರಿಸುವ ಅದರ ಸಾವಿರ ಅಣುಗಳಲ್ಲಿ ಮೂರು ನಾಲ್ಕು ಮಾತ್ರ ಈಸ್ಟ್ರಡೈಯಾಲ್ ಆಗುತ್ತವೆ. ಇಷ್ಟು ಅಲ್ಪವಾದುದು ಏತಕ್ಕೆ ಪ್ರಯೋಜನ ಎಂದು ಯಾರಾದರೂ ಕೇಳಿದರೆ, ಉತ್ತರ ಬಂದದ್ದು ಝೋಂಡೆಕ್‌ರವರು ಕಾಲವಾಗಿ ಬಹಳ ವರ್ಷಗಳ ಮೇಲೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯ ಅವರ ಬಾಳಿನ ಕಥೆಗೆ ಮರಳೋಣ.

೧೯೩೪ರಲ್ಲಿಯೇ ಅವರು ಸ್ವೀಡನ್ನನ್ನು ಬಿಟ್ಟು ಜೆರುಸಲೇಮಿಗೆ ಬಂದರು. ಅಲ್ಲಿನ ಹದಾಸ್ಸಾ ಆಸ್ಪತ್ರೆಯಲ್ಲಿಯೂ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿಯೂ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗವನ್ನು ಕಟ್ಟುವ ಹೊಣೆ ಅವರ ಹೆಗಲ ಮೇಲೆ ಬಿದ್ದಿತು. ಬರ್ಲಿನ್ನಿನ ವೈಭವವೆಲ್ಲಿ, ಆಗಿನ ಜೆರುಸಲೇಮೆಲ್ಲಿ! ಆದರೂ ಸಲಕರಣೆ ಸಾಲದೆಂದು ಅವರು ಸಂಶೋಧನೆಯನ್ನು ಕೈಬಿಡಲಿಲ್ಲ. ಹೆಣ್ಣಿನ ಹಾರ್ಮೋನು ದೇಹದಲ್ಲಿ ಹುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆಯಾಯಿತು. ಪಿತ್ತಜನಕಾಂಗವು, ಅಂದರೆ ಈಲಿಯು, ಅದನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ ಎಂಬುದನ್ನು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಕುಡಿತದಿಂದ ಈಲಿ ಕೆಟ್ಟ ಗಂಡಸರಲ್ಲಿ ಎದೆ ಬೆಳೆಯುವುದನ್ನೂ ವೃಷಣ ಕುಗ್ಗುವುದನ್ನೂ ವೈದ್ಯರು ಕಾಣುತ್ತಾರೆ. ತಯಾರಾಗುವ ಹಾರ್ಮೋನಿಗೂ ಕರಗುವ ಹಾರ್ಮೋನಿಗೂ ಇರಬೇಕಾದ ಲೆಕ್ಕ ತಪ್ಪುವುದು ಇದಕ್ಕೆ ಒಂದು ಮುಖ್ಯ ಕಾರಣ.

ಜೆರುಸಲೇಮಿನಲ್ಲಿಯೂ ಅವರಿಗೆ ನೆಮ್ಮದಿಯ ದಿನಗಳು ಸತತವಾಗಿ ದೊರೆಯಲಿಲ್ಲ. ೧೯೪೮ರ ಯುದ್ಧದಲ್ಲಿ ಸ್ಕೋಪಸ್ ಗುಡ್ಡದ ಮೇಲಿನ ಹದಾಸ್ಸಾ ಆಸ್ಪತ್ರೆಯ ದಾರಿ ಕಡಿದುಹೋಯಿತು. ಆಸ್ಪತ್ರೆಯು ಅಲ್ಲಿಂದ ಹೊರಟು ಪಟ್ಟಣದ ಬೇರೆ ಬೇರೆ ಕಟ್ಟಡಗಳಲ್ಲಿ ಕೆಲಸ ನಡೆಸಬೇಕಾಯಿತು. ಕಟ್ಟಿದ್ದನ್ನು ಬಿಟ್ಟು ಹೊಸದಾಗಿ ಕಟ್ಟುವ ಕಷ್ಟ ಅವರಿಗೆ ಎರಡನೆಯ ಬಾರಿ ಬಂದಿತು. ಅದನ್ನೂ ಅವರು ಸಹಿಸಿದರು. ೧೯೫೮ರಲ್ಲಿ ಇಸ್ರೇಲ್ ದೇಶದ ಅತ್ಯುನ್ನತ ಪಾರಿತೋಷಕವು ವೈದ್ಯವಿಜ್ಞಾನಕ್ಕಾಗಿ ಅವರಿಗೆ ಸಂದಿತು. ೧೯೬೧ರಲ್ಲಿ ನಿವೃತ್ತರಾದರು. ೧೯೬೬ರ ನವೆಂಬರ್ ೮ರಂದು ನ್ಯೂಯಾರ್ಕ್ ನಗರದಲ್ಲಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಗಂಡು ಹಾರ್ಮೋನಿನ ರಸಾಯನವನ್ನು ಬಿಡಿಸಿದ ಬುಟೆನಾಂಟ್ ಮತ್ತು ರುಜಿಚ್ಕ ಎಂಬುವರಿಗೆ ೧೯೩೯ರ ನೊಬೆಲ್ ಪಾರಿತೋಷಕ ದೊರೆತಿದ್ದಿತು; ಝೋಂಡೆಕ್‌ರವರಿಗೆ ಅದು ಲಭಿಸಲಿಲ್ಲ.

ಈಗ ಮೊದಲು ಬಿಟ್ಟ ಪ್ರಶ್ನೆಗೆ ಬರೋಣ. ಗಂಡಸಿಗೆ ಈಸ್ಟ್ರೊಜೆನ್ ಏಕೆ ಬೇಕು? ೧೯೯೪ರಲ್ಲಿ ಅಮೆರಿಕದ ವೈದ್ಯರು ಇಪ್ಪತ್ತೆಂಟು ವರ್ಷದ ಒಬ್ಬ ಯುವಕನ ವಿಷಯವನ್ನು ವರದಿ ಮಾಡಿದರು. ಆತನ ಎತ್ತರ ೨೦೪ ಸೆಂಟಿಮೀಟರು. ಆ ವಯಸ್ಸಿನಲ್ಲಿಯೂ ಅವನು ಬೆಳೆಯುತ್ತಲೇ ಇದ್ದನು. ಮೂಳೆಗಳ ತುದಿಗಳು ಬೆಸೆದಿರಲಿಲ್ಲ. ಮೂಳೆಗಳು ಮುದುಕರವುಗಳಂತೆ ಟೊಳ್ಳಾಗಿದ್ದುವು. ಗಂಡು ಹಾರ್ಮೋನಿಗೆ ಕೊರತೆಯಿರಲಿಲ್ಲ. ಈಸ್ಟ್ರೊಜೆನ್ನಿನ ಮಾತನ್ನು ಕೇಳುವ ಗ್ರಾಹಕವು ಅವನ ಜೀವಕೋಶಗಳಲ್ಲಿ ಹುಟ್ಟಿನಿಂದಲೇ ಕೆಟ್ಟಿದ್ದಿತು. ಮರುವರ್ಷ ಅರೋಮಟೇಸ್ ಕಿಣ್ವವೇ ಇಲ್ಲದ ಇನ್ನೊಬ್ಬ ಯುವಕನ ವಿಷಯವೂ ಪ್ರಕಟವಾಯಿತು. ಕಿಣ್ವವಿಲ್ಲದ ಇಂತಹವರಿಗೆ ಈಸ್ಟ್ರೊಜೆನ್ ಕೊಟ್ಟಾಗ ಮೂಳೆಯ ತುದಿ ಬೆಸೆದು, ಬೆಳವಣಿಗೆ ನಿಂತು, ಮೂಳೆ ಗಟ್ಟಿಯಾಯಿತು. ಹುಡುಗನ ಎತ್ತರ ಒಂದು ವಯಸ್ಸಿನಲ್ಲಿ ನಿಲ್ಲುವುದೂ, ಗಂಡಸಿನ ಮೂಳೆ ಗಟ್ಟಿಯಾಗಿರುವುದೂ ಹೆಣ್ಣಿನದೆಂದು ನಾವು ಕರೆಯುವ ಹಾರ್ಮೋನಿನ ಕೃಪೆಯಿಂದ! ೨೦೧೩ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಸಂಶೋಧನೆಯು, ಗಂಡಸಿನಲ್ಲಿ ಸ್ನಾಯುಬಲವು ಟೆಸ್ಟೋಸ್ಟಿರೋನನ್ನು ಅವಲಂಬಿಸಿದರೆ, ಕೊಬ್ಬು ಹೆಚ್ಚದಂತೆ ತಡೆಯುವುದರಲ್ಲಿ ಈಸ್ಟ್ರೊಜೆನ್ನಿನ ಪಾತ್ರ ದೊಡ್ಡದು, ಕಾಮೇಚ್ಛೆಗೆ ಎರಡೂ ಬೇಕು ಎಂದು ತೋರಿಸಿತು.

ನಮ್ಮ ನಾಡಿನವರ ಕೆಲಸವನ್ನೂ ಇಲ್ಲಿ ಸ್ಮರಿಸಬೇಕು. ೧೯೯೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು, ನಮ್ಮ ಗುಡಿಗಳ ಸುತ್ತಮುತ್ತ ಕಾಣಸಿಗುವ ಜಾತಿಯ ಗಂಡು ಕೋತಿಗಳಿಗೆ ಅರೋಮಟೇಸನ್ನು ತಡೆಯುವ ಔಷಧವನ್ನು ಕೊಟ್ಟು ಪರೀಕ್ಷಿಸಿದರು. ಕೋತಿಗಳ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಏರಿತು. ಆದರೆ ವೀರ್ಯಾಣುಗಳು ಪಕ್ವವಾಗುವುದಕ್ಕೆ ಅಡ್ಡಿಯಾಯಿತು. ಗಂಡು ಹಾರ್ಮೋನು ಹೆಚ್ಚಿದ ಮಾತ್ರಕ್ಕೆ ಗಂಡುತನ ಹೆಚ್ಚಲಿಲ್ಲ.

ಈ ವಿಷಯವು ಪ್ರಯೋಗಶಾಲೆಗೆ ಮಾತ್ರ ಸೇರಿದ್ದಲ್ಲ. ನಮ್ಮ ವಯಸ್ಸಿನವರ ಬಾಳಿಗೂ ಸೇರಿದ್ದು. ಹದಿಮೂರು ಹದಿನಾಲ್ಕು ವರ್ಷದ ಹುಡುಗರಲ್ಲಿ ಅನೇಕರಿಗೆ ಮೊಲೆತೊಟ್ಟಿನ ಕೆಳಗೆ ಅಡಕೆಯಷ್ಟು ಗಂಟು ಕಟ್ಟಿ ನೋಯುವುದುಂಟು. ಗೆಳೆಯರು ಹಾಸ್ಯ ಮಾಡುತ್ತಾರೆ. ಹುಡುಗನು ಬಾವಿಗೆ ಈಜಲು ಹೋಗುವುದನ್ನು ಬಿಡುತ್ತಾನೆ, ಹಾಸ್ಟೆಲಿನಲ್ಲಿ ಅಂಗಿ ಕಳಚಲು ಹಿಂಜರಿಯುತ್ತಾನೆ, ತಾನು ಗಂಡಸೇ ಅಲ್ಲವೇನೋ ಎಂದು ಒಳಗೊಳಗೇ ಕೊರಗುತ್ತಾನೆ. ತಂದೆತಾಯಿಗೆ ಹೇಳಲು ನಾಚಿಕೆ. ಮೇಷ್ಟರಿಗೆ ಹೇಳಲು ಭಯ. ನಿಜವಾದ ಸಂಗತಿಯೇನೆಂದರೆ, ಆ ವಯಸ್ಸಿನಲ್ಲಿ ವೃಷಣ ಎಚ್ಚರಗೊಳ್ಳುವಾಗ ಎರಡು ಹಾರ್ಮೋನುಗಳ ಪ್ರಮಾಣ ಸ್ವಲ್ಪಕಾಲ ಹೊಂದಿಕೊಳ್ಳದೆ ಹೋಗುತ್ತದೆ. ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ಗಂಟು ತಾನಾಗಿಯೇ ಕರಗುತ್ತದೆ. ಕರಗದೆ ಉಳಿದರೆ, ಅಥವಾ ಬೆಳೆಯುತ್ತಾ ಹೋದರೆ, ವೈದ್ಯರಿಗೆ ತೋರಿಸತಕ್ಕದ್ದು. ಅದರಲ್ಲಿ ಅವಮಾನಪಡತಕ್ಕದ್ದು ಏನೂ ಇಲ್ಲ.

ಇದಕ್ಕಿಂತಲೂ ಅಪಾಯಕರವಾದದ್ದು ಮತ್ತೊಂದುಂಟು. ಮೈಕಟ್ಟು ಬೇಗ ಬರಬೇಕೆಂಬ ಆತುರದಿಂದ ಕೆಲವು ತರುಣರು ಯಾರದೋ ಮಾತು ಕೇಳಿ ಟೆಸ್ಟೋಸ್ಟಿರೋನ್ ಇಲ್ಲವೇ ಅದರ ಬಳಗದ ಔಷಧಗಳನ್ನು ಚುಚ್ಚಿಸಿಕೊಳ್ಳುತ್ತಾರೆ. ಹೊರಗಿನಿಂದ ಹಾರ್ಮೋನು ಬಂದುದನ್ನು ಕಂಡ ಮಿದುಳು, ಮನೆಯಲ್ಲಿ ಸಾಕಷ್ಟಿದೆಯೆಂದು ತಿ­ಳಿದು, ಝೋಂಡೆಕ್‌ರವರು ಗುರುತಿಸಿದ ಆ ಎರಡು ಅಪ್ಪಣೆಗಳನ್ನು ನಿಲ್ಲಿಸಿಬಿಡುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣುಗಳು ಇಳಿಯುತ್ತವೆ. ಚುಚ್ಚಿಸಿಕೊಂಡ ಟೆಸ್ಟೋಸ್ಟಿರೋನಿನಲ್ಲಿ ಒಂದು ಪಾಲು ಅರೋಮಟೇಸಿನ ಕೈಗೆ ಸಿಕ್ಕಿ ಈಸ್ಟ್ರಡೈಯಾಲ್ ಆಗಿ, ಎದೆ ಬೆಳೆಯುವುದೂ ಉಂಟು. ಅದಕ್ಕೆ ಹೆದರಿ ಅರೋಮಟೇಸನ್ನು ತಡೆಯುವ ಮಾತ್ರೆ ನುಂಗುವವರು ತಮ್ಮ ಮೂಳೆಗಳಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆ. ವೈದ್ಯರು ರೋಗವನ್ನು ನೋಡಿ ಕೊಡುವ ಚಿಕಿತ್ಸೆಯ ಮಾತು ಬೇರೆ. ಗಂಡುತನವನ್ನು ಸೂಜಿಯಿಂದ ಕೊಳ್ಳಲು ಹೋಗುವವನು ಇದ್ದದ್ದನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು.

ಝೋಂಡೆಕ್‌ರವರ ಜೀವನದಿಂದ ನಾವು ಕಲಿಯತಕ್ಕ ಪಾಠವೇನು? ಗಬ್ಬದ ಕುದುರೆಯಲ್ಲಿ ಸಿಕ್ಕಿದ ಫಲದಿಂದ ತೃಪ್ತರಾಗಿ ಅವರು ನಿಂತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಗಂಡು ಕುದುರೆಯಲ್ಲಿ ಹೆಣ್ಣಿನ ಹಾರ್ಮೋನನ್ನು ಹುಡುಕುವುದು ಹುಚ್ಚುತನವೆಂದು ತೋರುವ ಕಾಲದಲ್ಲಿ ಅವರು ಹುಡುಕಿದರು. ಕಂಡ ಅಂಕಿಯು ಎಲ್ಲರ ನಂಬಿಕೆಗೆ ವಿರುದ್ಧವಾಗಿದ್ದಾಗ, ಅಂಕಿಯನ್ನು ಬಿಡದೆ ನಂಬಿಕೆಯನ್ನೇ ಬಿಟ್ಟರು. ಅದೇ ವರ್ಷಗಳಲ್ಲಿ ಅವರ ತಾಯ್ನಾಡು, ಮನುಷ್ಯರನ್ನು ಹುಟ್ಟಿನಿಂದ ಶುದ್ಧರು, ಅಶುದ್ಧರು ಎಂದು ಗೆರೆ ಎಳೆದು ವಿಂಗಡಿಸುವ ಕ್ರೂರ ಕಾರ್ಯದಲ್ಲಿ ತೊಡಗಿದ್ದಿತು. ಆ ಗೆರೆಯಿಂದಾಚೆಗೆ ತಳ್ಳಲ್ಪಟ್ಟ ವೈದ್ಯರೊಬ್ಬರು, ಪ್ರಕೃತಿಯು ಗಂಡು ಹೆಣ್ಣುಗಳ ನಡುವೆ ಸಹ ನಾವು ತಿಳಿದಷ್ಟು ಬಿರುಸಾದ ಗೆರೆಯನ್ನು ಎಳೆದಿಲ್ಲವೆಂದು ತೋರಿಸಿಕೊಟ್ಟರು. ಗಂಡಸಿನ ಮೂಳೆಯ ಬಲಕ್ಕೆ ಹೆಣ್ಣಿನ ಹಾರ್ಮೋನು ಆಧಾರವೆಂದು ತಿಳಿದ ಮೇಲೆ, ಹೆಣ್ಣಿಗನೆಂದು ಗೆಳೆಯನನ್ನು ಹಂಗಿಸುವ ಬಾಯಿ ಒಂದಾದರೂ ನಮ್ಮ ಕಾಲೇಜಿನಲ್ಲಿ ಸುಮ್ಮನಾದರೆ, ಆ ಮಹನೀಯರ ಸ್ಮರಣೆ ಸಾರ್ಥಕವಾದಂತೆ.